ನೆಲದ ತಂತಿ

ಕಾರಿನ ಎಂಜಿನ್ನಿಗೂ ಒಂದು ಮಿದುಳುಂಟು. ಇಂಧನವೆಷ್ಟು, ಕಿಡಿ ಯಾವಾಗ ಎಂಬುದನ್ನು ನಿರ್ಣಯಿಸುವ ಆ ಪೆಟ್ಟಿಗೆಗೆ ಹತ್ತಾರು ಪಿನ್ನುಗಳು. ಪ್ರತಿಯೊಂದಕ್ಕೂ ಅದರದೇ ಕೆಲಸ. ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ಕಾರು ಪದೇ ಪದೇ ನಿಂತುಹೋಗತೊಡಗಿದಾಗ, ಮಿದುಳೇ ಕೆಟ್ಟಿತೆಂದು ಬಗೆದು ಹೊಸದನ್ನು ಹಾಕಿಸಿದೆ. ದೋಷ ಹೋಗಲಿಲ್ಲ.

ಕಡೆಗೆ ವೃದ್ಧ ಮೆಕ್ಯಾನಿಕರೊಬ್ಬರು ತಂತಿಗಳ ನಕ್ಷೆಯನ್ನು ಬಿಡಿಸಿ ವಿವರಿಸಿದರು: ಅನೇಕ ಸೆನ್ಸರುಗಳಿಗೆ ಮೂರು ತಂತಿ. ಒಂದು 5 ವೋಲ್ಟನ್ನು ಒಯ್ಯುತ್ತದೆ, ಇನ್ನೊಂದು ವರ್ತಮಾನವನ್ನು ತರುತ್ತದೆ, ಮೂರನೆಯದು ನೆಲದ ತಂತಿ. ಪೆಟ್ಟಿಗೆಗೂ ತನ್ನದೇ ನೆಲದ ಪಿನ್ನುಂಟು. ಅದು ಸಡಿಲವಾದರೆ ಪೆಟ್ಟಿಗೆ ದಿಕ್ಕೆಡುತ್ತದೆ.

ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಋಣಧ್ರುವಕ್ಕೂ ಆ ಪಿನ್ನಿಗೂ ಮೀಟರು ಹಿಡಿದರು. ಸೊನ್ನೆಯ ಸನಿಹವಿರಬೇಕಾದ ಮುಳ್ಳು ಅರ್ಧ ವೋಲ್ಟನ್ನು ತೋರಿತು. ತಂತಿಯ ತುದಿಗೆ ಕಿಲುಬು ಹಿಡಿದಿತ್ತು. ಉಜ್ಜಿ ಬಿಗಿದರು, ಕಾರು ನಡೆಯಿತು.

ತಪ್ಪು ಮಾಡದ ಆ ಹಳೆಯ ಮಿದುಳು ಈಗಲೂ ನನ್ನ ಕಪಾಟಿನಲ್ಲಿದೆ. ಯಾರನ್ನಾದರೂ ಹಳಿಯಹೊರಟಾಗ ಅದರ ನೆನಪಾಗುತ್ತದೆ.