ಬಳ್ಳಿಗಾವೆಯ ಕೋಡಿಯ ಮಠ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಬಳ್ಳಿಗಾವೆ ಎಂಬ ಊರುಂಟು. ಇಂದು ಅದು ಸಣ್ಣ ಗ್ರಾಮ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ನಾಡಿನ ರಾಜಧಾನಿ. ಕಾಳಾಮುಖ ಶೈವರ ಪ್ರಸಿದ್ಧವಾದ ಕೋಡಿಯ ಮಠವಿದ್ದುದು ಇಲ್ಲಿಯೇ.

ಕೆಲವು ವರ್ಷಗಳ ಕೆಳಗೆ ನಾವು ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದೆವು. ಆ ಮಠಕ್ಕೆ ಸೇರಿದ್ದ ಕೇದಾರೇಶ್ವರನ ಗುಡಿ ಇಂದಿಗೂ ನಿಂತಿದೆ. ಅದು ತ್ರಿಕೂಟ: ಗರ್ಭಗೃಹಗಳು ಮೂರು, ಅವಕ್ಕೆಲ್ಲ ಮಂಟಪ ಒಂದೇ. ಎರಡು ಗರ್ಭಗೃಹಗಳಲ್ಲಿ ಶಿವಲಿಂಗ. ಉತ್ತರದ ಗರ್ಭಗೃಹದಲ್ಲಿ ವಿಷ್ಣು. ಮಂಟಪದ ಕಂಬಗಳು ತಿರುಗಣೆಯಲ್ಲಿ ಕಡೆದು ದುಂಡಾದವು. ಅವುಗಳ ನುಣುಪು ಇನ್ನೂ ಮಾಸಿಲ್ಲ. ಶಿಖರದ ಮುಂಚಾಚಿನ ಮೇಲೆ ಸಿಂಹದೊಡನೆ ಹೋರಾಡುವ ಸಳನ ವಿಗ್ರಹವಿದೆ. ಅದೇ ಊರಿನ ತ್ರಿಪುರಾಂತಕೇಶ್ವರ ಗುಡಿಯ ಜಾಲಂಧ್ರಗಳನ್ನು ನೋಡಿದರೆ, ಶಿಲ್ಪಿಯು ಕಲ್ಲನ್ನು ಕೊರೆದನೋ ಹೆಣೆದನೋ ಎಂಬ ಸಂದೇಹ ಬರುತ್ತದೆ.

ಇಷ್ಟನ್ನೂ ವಿವರಿಸಿ ಮುಗಿಸಿದಾಗ ಒಬ್ಬ ವಿದ್ಯಾರ್ಥಿ, “ಗುಡಿಯನ್ನು ತೋರಿಸಿದಿರಿ ಸಾರ್, ಮಠ ಎಲ್ಲಿ?” ಎಂದು ಕೇಳಿದನು. ಅರ್ಧ ದಿನ ಅಧಿಷ್ಠಾನ, ಶಿಖರಗಳ ಲಕ್ಷಣವನ್ನೇ ಹೇಳಿದ್ದ ನಮಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ಗುರುಗಳು ವಾಸಿಸಿದ, ಶಿಷ್ಯರು ಓದಿದ ಮನೆಗಳು ಗುಡಿಯಂತೆ ಉಳಿದು ಬಂದಿಲ್ಲವಲ್ಲ!

ಅವನ ಪ್ರಶ್ನೆಗೆ ಉತ್ತರ 1162ರ ಒಂದು ಶಾಸನದಲ್ಲಿದೆ. ಕಳಚುರಿ ಬಿಜ್ಜಳನ ಕಾಲದ ಈ ಶಾಸನವನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 7ನೆಯ ಸಂಪುಟದಲ್ಲಿ ಪ್ರಕಟಿಸಿದರು. ಮಠದಲ್ಲಿ ನಾಲ್ಕು ವೇದಗಳು, ಹಲವು ವ್ಯಾಕರಣಗಳು, ಪುರಾಣ, ಕಾವ್ಯ, ನಾಟಕಗಳ ವ್ಯಾಸಂಗ ನಡೆಯುತ್ತಿತ್ತೆಂದು ಅದು ಹೇಳುತ್ತದೆ. ಶೈವಮಠವಾದರೂ ಬೌದ್ಧದರ್ಶನಕ್ಕೆ ಅಲ್ಲಿ ಸ್ಥಳವಿತ್ತು. ಬಡವರು, ಕುಂಟರು, ಕುರುಡರು, ಕಿವುಡರು, ಗಾಯಕರು, ನರ್ತಕರು, ನಾನಾ ಮತಗಳ ಭಿಕ್ಷುಕರು, ಎಲ್ಲರಿಗೂ ಅನ್ನವಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರವಿತ್ತು. ಸಕಲ ಜೀವಿಗಳಿಗೂ ಅಭಯವಿತ್ತು.

ದತ್ತಿಯ ಶಾಸನಗಳು ಹೊಗಳಿ ಹೇಳುವುದು ವಾಡಿಕೆಯೆಂಬುದನ್ನು ನಾವು ಬಲ್ಲೆವು. ಹಾಗೆಂದೇ ಇಟ್ಟುಕೊಂಡರೂ, ಯಾವುದನ್ನು ಹೊಗಳಿಕೆಗೆ ಯೋಗ್ಯವೆಂದು ಆ ಜನ ಭಾವಿಸಿದ್ದರೆಂಬುದು ಗಮನಾರ್ಹ. ಮಠವನ್ನು ಕೊಂಡಾಡಲು ಕುರುಡರ ಊಟವನ್ನೂ ರೋಗಿಗಳ ಮದ್ದನ್ನೂ ಅವರು ಕಲ್ಲಿನಲ್ಲಿ ಕೊರೆಯಿಸಿದರು.

ನಾವು ಗುಡಿಗಳ ಬಿರುಕನ್ನು ಮುಚ್ಚುತ್ತೇವೆ, ಬೇಲಿ ಹಾಕುತ್ತೇವೆ. ಅದು ಆಗಲೇಬೇಕಾದ ಕಾರ್ಯ. ಆದರೆ ಅಷ್ಟರಿಂದಲೇ ಮಠ ಉಳಿಯದು. ಬಳ್ಳಿಗಾವೆಗೆ ಹೋಗುವವರು ಕಂಬಗಳ ಮೆರುಗನ್ನು ಕಂಡು ಸಂತೋಷಪಡಲಿ. ಹೊರಡುವ ಮೊದಲು, ಅಲ್ಲಿ ಹಸಿದು ಬಂದು ಉಂಡು ಹೋದವರನ್ನೂ ಒಂದು ಗಳಿಗೆ ನೆನೆಯಲಿ.