ಬ್ರಿಟನ್ನಿನಲ್ಲಿ ಕಂಡ ಹಕ್ಕಿಗಳು

ಪರದೇಶದಲ್ಲಿ ಇದ್ದು ಬಂದವರನ್ನು ಅಲ್ಲಿಯ ಚಳಿ, ಊಟ, ಜನರ ವಿಷಯವಾಗಿ ಕೇಳುವವರು ಬಹಳ ಮಂದಿ. ಹಕ್ಕಿಗಳ ವಿಷಯವಾಗಿ ಕೇಳುವವರು ಅಪರೂಪ. ಆಕ್ಸ್‌ಫರ್ಡ್ ನಗರದ ಅಂಚಿನಲ್ಲಿ, ಹಳೆಯದೊಂದು ಇಟ್ಟಿಗೆಯ ಮನೆಯಲ್ಲಿ ಹದಿನೆಂಟು ವರ್ಷ ಬಾಳಿದ ನನಗೆ, ಆ ನಾಡು ನೆನಪಾದಾಗಲೆಲ್ಲ ಮೊದಲು ಕಣ್ಣಿಗೆ ಕಟ್ಟುವುದು ಅಲ್ಲಿಯ ಹಕ್ಕಿಗಳೇ. ನಾನು ಪಕ್ಷಿಶಾಸ್ತ್ರಜ್ಞನಲ್ಲ, ಒಂದು ದುರ್ಬೀನು, ಒಂದು ಕೈಪಿಡಿ, ಭಾನುವಾರದ ಬಿಡುವು, ಇಷ್ಟೇ ನನ್ನ ಬಂಡವಾಳ. ಆದ್ದರಿಂದ ಈಗ ಹೇಳಲಿರುವುದು ಶಾಸ್ತ್ರವಲ್ಲ. ಮೆಚ್ಚಿಕೆಯ ಮಾತು, ಜೊತೆಗೆ ಒಂದು ತಪ್ಪೊಪ್ಪಿಗೆ.

ಅಲ್ಲಿಯ ಜನರ ಅಚ್ಚುಮೆಚ್ಚಿನ ಹಕ್ಕಿ ರಾಬಿನ್. 2015ರಲ್ಲಿ ನಡೆದ ಜನಮತದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಮತ ನೀಡಿ, ರಾಷ್ಟ್ರಪಕ್ಷಿಯಾಗಲು ತಕ್ಕದ್ದು ಇದೇ ಎಂದು ಆರಿಸಿದರು. ನಮ್ಮ ಗುಬ್ಬಚ್ಚಿಗಿಂತ ಚಿಕ್ಕದು, ಎದೆ ಕಿತ್ತಳೆಗೆಂಪು. ತೋಟದಲ್ಲಿ ಮಣ್ಣು ಅಗೆಯಲು ನಿಂತರೆ ಎರಡು ಮಾರು ದೂರದಲ್ಲಿ ಬಂದು ಕೂತು, ಎರೆಹುಳು ಮೇಲೆದ್ದೀತೇ ಎಂದು ಕಾಯುತ್ತದೆ. ಮರಗಳೆಲ್ಲ ಬರಲಾಗಿ ನಿಂತ ಡಿಸೆಂಬರಿನ ಮಧ್ಯಾಹ್ನದಲ್ಲೂ ಅದು ಹಾಡುವುದನ್ನು ನಾನು ಕೇಳಿದ್ದೇನೆ. ಆ ಹಾಡಿನಲ್ಲಿ ನಾವು ಕಾಣುವ ಮಾರ್ದವ ಹಕ್ಕಿಯ ಮನಸ್ಸಿನಲ್ಲಿಲ್ಲ. ಚಳಿಗಾಲದಲ್ಲಿ ಗಂಡೂ ಹೆಣ್ಣೂ ಬೇರೆ ಬೇರೆ ಗಡಿ ಹಾಕಿಕೊಂಡು, 'ಇದು ನನ್ನ ನೆಲ' ಎಂದು ಸಾರುವ ಕ್ರಮ ಅದು. ಡೇವಿಡ್ ಲ್ಯಾಕ್ ಎಂಬ ಶಾಲಾಶಿಕ್ಷಕರು ಒಂದು ಸತ್ತ ರಾಬಿನ್ನಿಗೆ ಹುಲ್ಲು ತುಂಬಿ ತೋಟದಲ್ಲಿ ನಿಲ್ಲಿಸಿದಾಗ, ಆ ನೆಲದ ಒಡೆಯ ಹಕ್ಕಿ ಅದರ ಮೇಲೆ ಎರಗಿ ಕುಕ್ಕಿತಂತೆ. 1943ರಲ್ಲಿ ಅವರು ರಾಬಿನ್ನಿನ ಬಾಳನ್ನು ಕುರಿತು ಬರೆದ ಪುಸ್ತಕ ಈಗಲೂ ಓದಲು ಸೊಗಸು. ಈ ಲ್ಯಾಕ್ ಮತ್ತೆ ನಮ್ಮ ಕಥೆಯಲ್ಲಿ ಬರುತ್ತಾರೆ.

ಇನ್ನು ಕೆಂಪು ಹದ್ದು. ಒಂದು ಕಾಲಕ್ಕೆ ಲಂಡನ್ನಿನ ಬೀದಿಗಳ ಹೊಲಸನ್ನು ತಿಂದು ಬದುಕಿದ್ದ ಈ ಹಕ್ಕಿಯನ್ನು ಆಮೇಲೆ ಪೀಡೆಯೆಂದು ಕೊಂದು, ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ನಿರ್ನಾಮ ಮಾಡಿದ್ದರು. ವೇಲ್ಸಿನ ನಡುಭಾಗದ ಕಣಿವೆಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು. 1989ರಿಂದ ಮೊದಲಾಗಿ ಸ್ಪೇನಿನ ಮರಿಗಳನ್ನು ತಂದು ಚಿಲ್ಟರ್ನ್ ಗುಡ್ಡಗಳಲ್ಲಿ ಬಿಟ್ಟರು. ಸ್ಕಾಟ್ಲೆಂಡಿಗೆ ಸ್ವೀಡನ್ನಿನಿಂದ ತಂದರು. ಇಂದು ಲಂಡನ್ನಿನಿಂದ ಆಕ್ಸ್‌ಫರ್ಡಿಗೆ ಬರುವ ಬಸ್ಸಿನಲ್ಲಿ ಕೂತವರು ಕತ್ತೆತ್ತಿದರೆ ಸಾಕು, ಕವಲು ಬಾಲವನ್ನು ತಿರುವುತ್ತ ತೇಲುವ ಹದ್ದುಗಳು ಕಾಣುತ್ತವೆ. 2022ರಿಂದ ಇಂಗ್ಲೆಂಡಿನ ಮರಿಗಳನ್ನೇ ಸ್ಪೇನಿಗೆ ಕಳುಹಿಸುವಂತಾಯಿತು. ಸಾಲ ತೀರಿಸುವುದೆಂದರೆ ಇದು!

ಚಳಿಗಾಲದ ಸಂಜೆ ಆಟ್‌ಮೂರ್ ಎಂಬ ಜೌಗುಭೂಮಿಯ ಮೇಲೆ ಸುತ್ತುವ ಸ್ಟಾರ್ಲಿಂಗ್ ಹಿಂಡುಗಳನ್ನು ವರ್ಣಿಸಲು ಹೋಗುವುದಿಲ್ಲ. ನಮ್ಮ ಗೊರವಂಕಗಳ ಬಂಧುಗಳು ಅವು. ಸಾವಿರ ಸಾವಿರ ಒಟ್ಟಾಗಿ ಹೊಗೆಯಂತೆ ಮಡಿಚಿ ಬಿಚ್ಚಿಕೊಳ್ಳುವುದನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು.

ಆದರೆ ನನ್ನ ಮನಸ್ಸನ್ನು ಪೂರ್ತಿಯಾಗಿ ಗೆದ್ದದ್ದು ಸ್ವಿಫ್ಟ್. ನಮ್ಮಲ್ಲಿ ಹಳೆಯ ದೇವಾಲಯಗಳ ಸಂದುಗಳಲ್ಲಿ, ಸೇತುವೆಗಳ ಅಡಿಯಲ್ಲಿ ಗೂಡುಕಟ್ಟುವ ಬಾನಾಡಿಗಳ ಜಾತಿಯದೇ ಇದು. ತೂಕ 40 ಗ್ರಾಂ ಆಸುಪಾಸು. ರೆಕ್ಕೆ ಕುಡುಗೋಲಿನಂತೆ ಬಾಗಿದ್ದು. ಮೇ ತಿಂಗಳ ಮೊದಲಲ್ಲಿ ಆಫ್ರಿಕದಿಂದ ಬಂದು ಆಗಸ್ಟಿನ ಹೊತ್ತಿಗೆ ಹೊರಟುಬಿಡುತ್ತದೆ. ತಿನ್ನುವುದು, ನಿದ್ರಿಸುವುದು ಎಲ್ಲವೂ ಗಾಳಿಯಲ್ಲಿಯೇ. ಸ್ವೀಡನ್ನಿನ ವಿಜ್ಞಾನಿಗಳು ಪುಟ್ಟ ಯಂತ್ರ ಕಟ್ಟಿ ಕಳುಹಿಸಿದ ಹಕ್ಕಿಗಳಲ್ಲಿ ಕೆಲವು ಹತ್ತು ತಿಂಗಳು ಒಮ್ಮೆಯೂ ಕೆಳಗಿಳಿದಿರಲಿಲ್ಲವೆಂದು 2016ರಲ್ಲಿ ಪ್ರಕಟವಾಯಿತು. ರಾಬಿನ್ನಿನ ಲ್ಯಾಕ್ ಆಕ್ಸ್‌ಫರ್ಡಿಗೆ ಬಂದ ಮೇಲೆ ಅಲ್ಲಿಯ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದ ಗೋಪುರದಲ್ಲಿ ಈ ಹಕ್ಕಿಗಳಿಗೆ ಗಾಜಿನ ಹಿಂಬದಿಯ ಗೂಡುಪೆಟ್ಟಿಗೆಗಳನ್ನಿರಿಸಿ, ಏಣಿಯೇರಿ ಕೂತು ನೋಡಿದರು. ಮಳೆಬಿದ್ದು ಹುಳುಗಳು ಸಿಗದ ದಿನಗಳಲ್ಲಿ ಮರಿಗಳು ಮೈಯ ಬಿಸಿಯನ್ನು ತಗ್ಗಿಸಿಕೊಂಡು ಹಸಿವನ್ನು ತಾಳಿಕೊಳ್ಳುತ್ತವೆ. ಆ ಗೋಪುರದ ಹಕ್ಕಿಗಳನ್ನು ಇಂದಿಗೂ ಗಮನಿಸುತ್ತಿದ್ದಾರೆ.

ಒಮ್ಮೆ ನೆಲೆ ಹಿಡಿದ ಸ್ವಿಫ್ಟ್ ವರ್ಷವರ್ಷವೂ ಅದೇ ಬಿಲಕ್ಕೆ ಮರಳುತ್ತದೆ. ನಮ್ಮ ಮನೆಯ ಸೂರಿನಡಿಯಲ್ಲೂ ಅಂಥದೊಂದು ಸಂದು ಇತ್ತು. ಪಕ್ಕದ ಮನೆಯ ವೃದ್ಧೆ ತಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವು ಬಂದ ದಿನವನ್ನು ಗುರುತುಹಾಕಿ, ಬೇಲಿಯಾಚೆಯಿಂದ "ನಿಮ್ಮ ಬಾಡಿಗೆದಾರರು ಬಂದರು" ಎಂದು ಕೂಗಿ ಹೇಳುತ್ತಿದ್ದರು.

2013ರ ಚಳಿಗಾಲದಲ್ಲಿ ಛಾವಣಿ ಸೋರತೊಡಗಿತು. ಸಾರುವೆ ಕಟ್ಟಿ ದುರಸ್ತಿಗೆ ಹತ್ತಿದ ಕೆಲಸಗಾರ ಮೇಲಿನಿಂದ, "ಈ ಸಂದುಗಳನ್ನೂ ಮುಚ್ಚಿಬಿಡಲೇ?" ಎಂದು ಕೇಳಿದ. ತಂಡಿಗಾಳಿ ನುಗ್ಗುತ್ತಿತ್ತು, ಹಕ್ಕಿಗಳು ಆಗ ಆಫ್ರಿಕದಲ್ಲಿದ್ದವು, ನನ್ನ ನೆನಪಿನಲ್ಲೂ ಇರಲಿಲ್ಲ. "ಮುಚ್ಚಿ" ಎಂದೆ. ಹಕ್ಕಿಯಿರುವ ಗೂಡನ್ನು ಕೆಡಿಸುವುದನ್ನು 1981ರ ಕಾನೂನು ನಿಷೇಧಿಸುತ್ತದೆ. ಆದರೆ ಖಾಲಿ ಸಂದನ್ನು ಚಳಿಗಾಲದಲ್ಲಿ ಮುಚ್ಚಿದವನನ್ನು ಕೇಳುವವರಿಲ್ಲ. ಮುಂದಿನ ಮೇ ತಿಂಗಳ ಒಂದು ಸಂಜೆ ಗೋಡೆಗೆ ಏನೋ ಬಡಿದ ಸದ್ದು. ಹೊರಗೆ ಬಂದು ನೋಡಿದರೆ, ಸಹಾರಾ ಮರುಭೂಮಿಯನ್ನು ದಾಟಿ ಬಂದ ಹಕ್ಕಿ ಹೊಸ ಗಾರೆಗೆ ಡಿಕ್ಕಿ ಹೊಡೆದು, ಸುತ್ತಿ ಬಂದು, ಮತ್ತೆ ಅಲ್ಲಿಗೇ ಎರಗುತ್ತಿದೆ. ಮೂರು ದಿನ ಹಾಗೆ ನಡೆಯಿತು. ವೃದ್ಧೆ ಬೇಲಿಯ ಬಳಿ ನಿಂತು ನೋಡಿದರು, ಏನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನಂಥವರು ಆ ದೇಶದ ತುಂಬ ಇದ್ದಾರೆ. 1995ರಿಂದೀಚೆಗೆ ಬ್ರಿಟನ್ನಿನ ಸ್ವಿಫ್ಟ್‌ಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿವೆ. 2021ರಲ್ಲಿ ಅವು ಅಪಾಯದ ಕೆಂಪು ಪಟ್ಟಿಗೆ ಸೇರಿದವು. ಹುಳುಗಳು ಕಡಿಮೆಯಾದದ್ದೂ ಒಂದು ಕಾರಣವಿರಬೇಕು. ಆದರೆ ಮುಚ್ಚಿದ ಸಂದುಗಳು ನಮ್ಮ ಕೈಯವೇ. ಹೊಸ ಗೋಡೆಗಳಲ್ಲಿ ಅವುಗಳಿಗಾಗಿ ಟೊಳ್ಳು ಇಟ್ಟಿಗೆ ಇಡುವ ಪದ್ಧತಿ ಈಚೆಗೆ ಹಬ್ಬುತ್ತಿದೆ.

2015ರಲ್ಲಿ ಸೂರಿನಡಿ ಎರಡು ಮರದ ಪೆಟ್ಟಿಗೆ ಹೊಡೆಸಿದೆ. ಸ್ವಿಫ್ಟ್‌ಗಳ ಕೂಗನ್ನು ಕೇಳಿಸಿದರೆ ಬರುತ್ತವೆಂದು ಯಾರೋ ಹೇಳಿದ್ದರಿಂದ, ಬೆಳಿಗ್ಗೆ ಸಂಜೆ ಕಿಟಕಿಯಲ್ಲಿ ಧ್ವನಿಮುದ್ರಣವನ್ನು ಹಚ್ಚಿದೆ. ನನ್ನಾಕೆ, "ಹಕ್ಕಿ ಬರುವುದಕ್ಕಿಂತ ಮೊದಲು ನೆರೆಹೊರೆಯವರು ಬರುತ್ತಾರೆ" ಎಂದಳು. ಮೊದಲ ಬೇಸಗೆ ಗುಬ್ಬಚ್ಚಿಗಳು ಹೊಕ್ಕವು. ಎರಡನೆಯ ಬೇಸಗೆ ಯಾರೂ ಇಲ್ಲ. 2017ರ ಜುಲೈಯಲ್ಲಿ ಎಳೆಯ ಸ್ವಿಫ್ಟ್‌ಗಳು ಪೆಟ್ಟಿಗೆಯ ಬಾಯಿಗೆ ತಾಗಿ ತಾಗಿ ಹಾರಿದವು. ನೆಲೆ ನೋಡಿಕೊಂಡು ಹೋಗಿ ಮುಂದಿನ ವರ್ಷ ಬರುವುದು ಅವುಗಳ ರೂಢಿ. ಆದರೆ ಮುಂದಿನ ಮಾರ್ಚಿನಲ್ಲಿ ನಾವು ಮನೆ ಮಾರಿ ಊರಿಗೆ ಮರಳಿದೆವು. ಪೆಟ್ಟಿಗೆಗಳನ್ನು ಕೀಳಬಾರದೆಂದು ಕೊಂಡವರಲ್ಲಿ ಬೇಡಿಕೊಂಡು ಬಂದೆ.

ಜೂನಿನಲ್ಲಿ ವೃದ್ಧೆಯ ಕಾಗದ ಬಂತು. ಅವರ ಕ್ಯಾಲೆಂಡರಿನ ಮೇ ತಿಂಗಳ ಹಾಳೆಯನ್ನೇ ಹರಿದು ಮಡಿಚಿ ಇಟ್ಟಿದ್ದರು. 9ನೆಯ ತಾರೀಖಿನ ಮನೆಯಲ್ಲಿ ಪೆನ್ಸಿಲಿನಿಂದ ಬರೆದಿತ್ತು: "ಸಂಜೆ ಎಂಟಕ್ಕೆ, ಎಡಗಡೆಯ ಪೆಟ್ಟಿಗೆ, ಎರಡು."