ಡಬ್ಲಿನ್‌ನ ಕಂಬ ಮತ್ತು ಬಲಂ ಸೀಮೆಯ ನಾಯಕ

(ಹೆಗ್ಗದ್ದೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಂಪ್ಯೂಟರ್ ಕಂಪೆನಿಗಳಲ್ಲಿ, ಆಸ್ಪತ್ರೆಗಳಲ್ಲಿ ಕೆಲಸ ಹಿಡಿದು ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಲ್ಲಿ ನೆಲೆಸಿದ ಕನ್ನಡದ ಮಕ್ಕಳು ಈಗ ಸಾಕಷ್ಟು ಮಂದಿ ಇದ್ದಾರೆ. ಅವರನ್ನು ನೋಡಲು ತಂದೆ ತಾಯಿಯರು ಹೋಗಿ ಬರುತ್ತಾರೆ. ಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ ಫೋಟೋ ತೋರಿಸುತ್ತಾರೆ. ಲಿಫಿ ನದಿ, ಅದರ ಸೇತುವೆಗಳು, ಟ್ರಿನಿಟಿ ಕಾಲೇಜಿನ ಹಳೆಯ ಗ್ರಂಥಾಲಯ, 1759ರಲ್ಲಿ ಒಂಬತ್ತು ಸಾವಿರ ವರ್ಷದ ಗುತ್ತಿಗೆಗೆ ಜಾಗ ಹಿಡಿದ ಗಿನ್ನೆಸ್ ಬಿಯರ್ ಕಾರ್ಖಾನೆ. ಇವೆಲ್ಲ ನೋಡತಕ್ಕವೇ. ಆದರೆ ಸಕಲೇಶಪುರ, ಆಲೂರು ಸೀಮೆಯಿಂದ ಹೋದವರು ಆ ಊರಿನಲ್ಲಿ ನೋಡಲೇಬೇಕಾದ ಒಂದು ಕಂಬವಿದೆ. ಇಂದು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಅದರ ವಿಷಯ.

ಮೊದಲು ಊರಿನ ಹೆಸರು. ಡಬ್ಲಿನ್ ಎಂದರೆ ಐರಿಷ್ ಭಾಷೆಯಲ್ಲಿ ಕಪ್ಪು ಮಡು. ಸಮುದ್ರದ ಮೇಲೆ ಬಂದ ವೈಕಿಂಗರು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಠಾಣೆ ಹೂಡಿದರು. ಐರಿಷ್‌ನಲ್ಲೇ ಆ ಊರಿಗೆ ಇನ್ನೊಂದು ಹೆಸರಿದೆ, ಬಾಲ್ಯಾ ಆಹಾ ಕ್ಲಿಯಾ. ತಡಿಕೆ ಹಾಸಿ ಹೊಳೆ ದಾಟುತ್ತಿದ್ದ ಜಾಗದ ಊರು ಎಂದು ಅರ್ಥ. ಹಳ್ಳಕ್ಕೆ ಬಿದಿರು ತಡಿಕೆ ಹಾಕಿ ದಾಟಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೀದಿಯ ಫಲಕಗಳಲ್ಲಿ ಐರಿಷ್ ಮೇಲೆ, ಇಂಗ್ಲಿಷ್ ಕೆಳಗೆ ಇರುತ್ತದೆ. ಆದರೆ ಬೀದಿಯಲ್ಲಿ ಕಿವಿಗೆ ಬೀಳುವುದು ಬಹುಮಟ್ಟಿಗೆ ಇಂಗ್ಲಿಷೇ. ಫಲಕದಲ್ಲಿ ಉಳಿದ ಭಾಷೆ ಬಾಯಲ್ಲಿ ಉಳಿಯಬೇಕೆಂದೇನೂ ಇಲ್ಲ. ಕನ್ನಡಿಗರು ಇದನ್ನು ಗಮನಿಸಬೇಕು.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದು ತಮಾಷೆ. ಐರ್ಲೆಂಡಿನ ವಾಯವ್ಯಕ್ಕೆ ಡೊನೆಗಾಲ್ ಎಂಬ ಜಿಲ್ಲೆಯಿದೆ. ಅದರ ಅರ್ಥ ಪರಕೀಯರ ಕೋಟೆ. ನಮ್ಮ ದೋಣಿಗಾಲ್‌ಗೂ ಅದಕ್ಕೂ ಸಂಬಂಧವಿಲ್ಲ, ಕೇವಲ ಧ್ವನಿಸಾಮ್ಯ. ಆದರೆ ನಮ್ಮ ದೋಣಿಗಾಲ್‌ನ ಗುಡ್ಡದ ಮೇಲೂ ಒಂದು ಕೋಟೆಯಿದೆಯಲ್ಲ! ಎಂಟು ಮೂಲೆಯ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ. ಫ್ರೆಂಚರ ಕೋಟೆ ವಿದ್ಯೆಯ ಮಾದರಿಯಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು, 1792ರ ಸುಮಾರಿನದು. ಕರಾವಳಿಯಿಂದ ಘಟ್ಟ ಹತ್ತಿ ಬರುವ ದಾರಿಯ ಮೇಲೆ ಕಣ್ಣಿಡಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಈಗ ಕಂಬಕ್ಕೆ ಬರೋಣ. ಡಬ್ಲಿನ್‌ನ ಪಶ್ಚಿಮಕ್ಕೆ ಫೀನಿಕ್ಸ್ ಪಾರ್ಕ್ ಎಂಬ ಬಹು ದೊಡ್ಡ ಉದ್ಯಾನವಿದೆ. ಅದರ ಬಾಗಿಲಿನ ಸಮೀಪದಲ್ಲೇ 62 ಮೀಟರ್ ಎತ್ತರದ ಕಲ್ಲಿನ ಚೂಪು ಸ್ತಂಭ ನಿಂತಿದೆ. 1817ರಲ್ಲಿ ಅಡಿಗಲ್ಲು ಹಾಕಿದರು, ಹಣ ಸಾಲದೆ ಕೆಲಸ ನಿಂತಿತು, ಮುಗಿದದ್ದು 1861ರಲ್ಲಿ. ಇದು ವಾಟರ್ಲೂ ಕದನದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ವೆಲಿಂಗ್ಟನ್ ಡ್ಯೂಕನ ಸ್ಮಾರಕ. ಆತ ಇಂಗ್ಲಿಷರ ಸೇನಾಪತಿಯಾದರೂ ಹುಟ್ಟಿನಿಂದ ಐರ್ಲೆಂಡಿನವನು, 1769ರಲ್ಲಿ ಹುಟ್ಟಿದವನು. ಆತ ಹುಟ್ಟಿದ್ದೆಂದು ಹೇಳುವ ಮೆರಿಯನ್ ಬೀದಿಯ ಮನೆ ಇಂದು ದುಬಾರಿ ಹೋಟೆಲಿನ ಭಾಗ. ಕಂಬದ ಬುಡದಲ್ಲಿ ಕಂಚಿನ ಉಬ್ಬುಚಿತ್ರಗಳಿವೆ. ವಾಟರ್ಲೂನಲ್ಲಿ ವಶಪಡಿಸಿಕೊಂಡ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದವು ಅವು. ಒಂದರಲ್ಲಿ ವಾಟರ್ಲೂ. ಇನ್ನೊಂದರಲ್ಲಿ ಭಾರತದ ಯುದ್ಧಗಳು. ಈತ ಏಷ್ಯಾ ಮತ್ತು ಯುರೋಪ್ ಎರಡನ್ನೂ ಕಾಪಾಡಿದ ಎಂಬ ಅರ್ಥದ ಪದ್ಯವೂ ಅಲ್ಲಿದೆ. ಪದ್ಯ ಬರೆದವನು ಆತನ ಸ್ವಂತ ಅಣ್ಣ ರಿಚರ್ಡ್ ವೆಲ್ಲೆಸ್ಲಿ, ಟಿಪ್ಪುವಿನ ಮೇಲೆ ಯುದ್ಧ ಸಾರಿದ ಗವರ್ನರ್ ಜನರಲ್. ಅಣ್ಣ ತಮ್ಮನನ್ನು ಹೊಗಳುವುದರಲ್ಲಿ ತಪ್ಪಿಲ್ಲ. ಏಷ್ಯಾವನ್ನು ಯಾರಿಂದ ಕಾಪಾಡಿದ ಎಂದು ಕೇಳುವ ಹಕ್ಕು ಮಾತ್ರ ನಮಗಿದೆ.

ಏಕೆಂದರೆ ಆತ ಕಾಪಾಡಿದ ಏಷ್ಯಾದಲ್ಲಿ ನಮ್ಮ ಬಲಂ ಸೀಮೆಯೂ ಒಂದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆತ ಬರಿಯ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಪಟ್ಟಣದ ಆಡಳಿತ, ಆಮೇಲೆ ಮೈಸೂರಿನ ಸೈನ್ಯದ ಹೊಣೆ ಅವನ ಕೈಗೆ ಬಂತು. 1800ರ ಸೆಪ್ಟೆಂಬರಿನಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ಮುಗಿಸಿದ. ಉಳಿದದ್ದು ಘಟ್ಟದ ಅಂಚಿನ ಈ ಕಾಡು. ಇಲ್ಲಿ ಐಗೂರಿನ ಪಾಳೆಯಗಾರರ ಮನೆತನದ ವೆಂಕಟಾದ್ರಿ ನಾಯಕ, ಸುಲ್ತಾನನಿಗೆ ಬಗ್ಗದ ಸೀಮೆ ಹೊಸಬರಿಗೆ ಏಕೆ ಬಗ್ಗಬೇಕು ಎಂಬಂತೆ ಸ್ವತಂತ್ರನಾಗಿ ನಿಂತಿದ್ದ. ಇಂಗ್ಲಿಷರು ತಮ್ಮ ಕಾಗದಗಳಲ್ಲಿ ಈ ನಾಡನ್ನು ಬುಲ್ಲಂ ಎಂದೂ ಅದರ ಒಡೆಯನನ್ನು ಬುಲ್ಲಂ ರಾಜನೆಂದೂ ಬರೆದರು. ಅವರ ನಾಲಗೆಗೆ ಬಲಂ ಹೊರಳಿದ್ದು ಹಾಗೆ.

ಈ ನಾಡಿನ ಬಲ ಕಲ್ಲಿನ ಕೋಟೆಯಲ್ಲಿರಲಿಲ್ಲ. ಊರೂರಿಗೂ ಕಂದಕ, ಮುಳ್ಳಿನ ದಟ್ಟ ಬೇಲಿ, ಅದರಾಚೆ ಕಾಡು. ಒಳಗೆ ಬಂದವನಿಗೆ ದಾರಿ ಸಿಗದು. 1800ರಲ್ಲಿ ಬಂದ ಒಂದು ಪಡೆ ಸೋತು ಹಿಂದಿರುಗಿತು. 1802ರ ಜನವರಿಯಲ್ಲಿ ವೆಲ್ಲೆಸ್ಲಿ ತಾನೇ ಬಂದ. ನಾಯಕನ ಮುಖ್ಯ ನೆಲೆಯನ್ನು, ಅವರ ಬರಹದಲ್ಲಿ ಅದು ಅರಕೇರಿ, ಮೂರು ಕಡೆಯಿಂದ ಏಕಕಾಲಕ್ಕೆ ನುಗ್ಗಿ ಹಿಡಿದ. ಕೆಲವೇ ವಾರಗಳಲ್ಲಿ ನಾಯಕ ಸೆರೆಸಿಕ್ಕ. ಅವನನ್ನೂ ಅವನ ಕೆಲವು ಸಂಗಡಿಗರನ್ನೂ ಗಲ್ಲಿಗೇರಿಸಿದರು. ಆಮೇಲೆ ಊರುಗಳ ಬೇಲಿ ಕೀಳಿಸುವುದು, ಜನರ ಆಯುಧ ಕಸಿಯುವುದು, ಕಾಡು ಕಡಿದು ದಾರಿ ಮಾಡಿಸುವುದು ನಡೆಯಿತು. ವಾಟರ್ಲೂ ಕದನಕ್ಕೆ ಇನ್ನೂ ಹದಿಮೂರು ವರ್ಷವಿತ್ತು.

ನಾಯಕನನ್ನು ಮಹಾತ್ಮನನ್ನಾಗಿ ಮಾಡುವ ಉದ್ದೇಶ ನನ್ನದಲ್ಲ. ಪಾಳೆಯಗಾರರ ಆಳ್ವಿಕೆಯಲ್ಲಿ ರೈತನ ಪಾಡು ಸುಖದ್ದೆಂದು ಯಾರೂ ಹೇಳರು. ಆದರೆ ಇದೇ ಸೀಮೆಯಲ್ಲಿ ಆ ಹೆಸರು ಎಷ್ಟು ಜನರ ಬಾಯಲ್ಲಿದೆ? ರಜಾದಿನಗಳಲ್ಲಿ ಮಂಜರಾಬಾದ್ ಕೋಟೆಯ ಮೆಟ್ಟಿಲು ಹತ್ತುವವರಿಗೆ ಲೆಕ್ಕವಿಲ್ಲ. ಮೇಲಿನಿಂದ ತೆಗೆದ ನಕ್ಷತ್ರದ ಚಿತ್ರ ಎಲ್ಲರ ಬಳಿಯೂ ಇದೆ. ಅದೇ ಬೆಟ್ಟದಿಂದ ಕಾಣುವ ಕಾಡಿನಲ್ಲಿ ಅಡಗಿ ಹೋರಾಡಿದವರ ಸುದ್ದಿ ಅವರಿಗೆ ಗೊತ್ತಿಲ್ಲ.

ಇಂಥ ವಿಚಾರದಲ್ಲಿ ಡಬ್ಲಿನ್ ಏನು ಮಾಡಿತೆಂಬುದು ಸ್ವಾರಸ್ಯಕರ. ಅವರೂ ನಮ್ಮಂತೆಯೇ ಇಂಗ್ಲಿಷರ ಕೈಕೆಳಗಿದ್ದವರು, 1922ರಲ್ಲಿ ಪ್ರತ್ಯೇಕವಾದರು. ಆಳಿದವರ ಸ್ಮಾರಕಗಳು ಊರತುಂಬ ಇದ್ದವು. ವಿಕ್ಟೋರಿಯಾ ರಾಣಿಯ ವಿಗ್ರಹವನ್ನು ಪಾರ್ಲಿಮೆಂಟಿನ ಮುಂದಿನಿಂದ 1948ರಲ್ಲಿ ಎತ್ತಿಸಿದರು. ಎಷ್ಟೋ ವರ್ಷ ಮೂಲೆಯಲ್ಲಿ ಬಿದ್ದಿದ್ದು ಕೊನೆಗೆ ಆಸ್ಟ್ರೇಲಿಯಾದ ಸಿಡ್ನಿ ಸೇರಿತು. ಮುಖ್ಯಬೀದಿಯಲ್ಲಿದ್ದ ಇಂಗ್ಲಿಷ್ ನೌಕಾಪತಿ ನೆಲ್ಸನ್‌ನ ಸ್ತಂಭವನ್ನು 1966ರ ಮಾರ್ಚಿಯಲ್ಲಿ ಗಣರಾಜ್ಯವಾದಿಗಳು ಸಿಡಿಮದ್ದಿಟ್ಟು ಉರುಳಿಸಿದರು. 2003ರಲ್ಲಿ ಅಲ್ಲಿ 120 ಮೀಟರ್ ಎತ್ತರದ ಉಕ್ಕಿನ ಸೂಜಿಯೊಂದು ಎದ್ದಿತು. ಅದು ಯಾರ ಸ್ಮಾರಕವೂ ಅಲ್ಲ. ವೆಲಿಂಗ್ಟನ್‌ನ ಕಂಬ ಮಾತ್ರ ಉಳಿದುಕೊಂಡಿತು.

ಅದರ ಜೊತೆಗೆ ಅವರು ಉಳಿಸಿಕೊಂಡ ಇನ್ನೊಂದು ಕಟ್ಟಡ ಕಿಲ್ಮೇನಮ್ ಜೈಲು. ನಮ್ಮ ಮಂಜರಾಬಾದ್ ಕೋಟೆಗಿಂತ ನಾಲ್ಕೇ ವರ್ಷ ಚಿಕ್ಕದು, ತೆರೆದದ್ದು 1796ರಲ್ಲಿ. 1916ರ ಈಸ್ಟರ್ ಸೋಮವಾರ ದಂಗೆಯೆದ್ದು ಮುಖ್ಯ ಅಂಚೆ ಕಚೇರಿಯನ್ನು ಹಿಡಿದು ಗಣರಾಜ್ಯ ಸಾರಿದವರಲ್ಲಿ ಹದಿನಾಲ್ಕು ಮಂದಿಯನ್ನು ಮೇ ತಿಂಗಳಲ್ಲಿ ಗುಂಡಿಟ್ಟು ಕೊಂದದ್ದು ಇದರ ಅಂಗಳದಲ್ಲಿ. ಗಾಯಗೊಂಡು ನಿಲ್ಲಲಾರದ ಜೇಮ್ಸ್ ಕಾನಲಿಯನ್ನು ಕುರ್ಚಿಗೆ ಕಟ್ಟಿ ಕೊಂದರು. ದಂಗೆಯನ್ನು ಮೆಚ್ಚದಿದ್ದ ಜನರೂ ಆಮೇಲೆ ತಿರುಗಿಬಿದ್ದದ್ದು ಆ ಕೊಲೆಗಳಿಂದ. ಆಗ ಡಬ್ಲಿನ್‌ನಲ್ಲಿ ಕಾನೂನು ಓದುತ್ತಿದ್ದ ಒಬ್ಬ ಭಾರತೀಯ ಯುವಕನಿಗೂ ದೇಶ ಬಿಡುವಂತೆ ನೋಟೀಸು ಬಂತು. ಮುಂದೆ 1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದ, ಆನಂತರ ರಾಷ್ಟ್ರಪತಿಯಾದ ವಿ. ವಿ. ಗಿರಿ ಆ ಯುವಕ.

ಜೈಲು 1924ರಲ್ಲಿ ಮುಚ್ಚಿತು. ಮಾಡು ಕುಸಿಯಿತು, ಅಂಗಳದಲ್ಲಿ ಗಿಡ ಬೆಳೆಯಿತು. 1960ರಲ್ಲಿ ಸಾಮಾನ್ಯ ಜನ, ಬಡಗಿಗಳು, ಗಾರೆಯವರು, ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ಬಂದು ಗಿಡ ಕಡಿದು, ಮಣ್ಣು ಹೊತ್ತು, ಮಾಡು ಹೊದಿಸಿದರು. 1966ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದುಕೊಟ್ಟ ರಾಷ್ಟ್ರಾಧ್ಯಕ್ಷ ಡಿ ವಲೇರಾ ಹಿಂದೆ ಅಲ್ಲೇ ಕೈದಿಯಾಗಿದ್ದವರು. ಸರ್ಕಾರ ಅದನ್ನು ವಹಿಸಿಕೊಂಡದ್ದು 1986ರಲ್ಲಿ. ಅಂದರೆ ಕಾಲು ಶತಮಾನ ಜನರೇ ನಡೆಸಿದರು. ಅವರ ಎಲ್ಲ ಕಥೆಯೂ ಹೀಗಲ್ಲ: ವುಡ್ ಕೀ ಎಂಬಲ್ಲಿ ಸಿಕ್ಕ ವೈಕಿಂಗರ ಊರನ್ನು ಉಳಿಸಲು 1978ರಲ್ಲಿ ಸಾವಿರಾರು ಮಂದಿ ಮೆರವಣಿಗೆ ಹೋದರೂ ನಗರಸಭೆ ಅದರ ಮೇಲೆಯೇ ಕಚೇರಿ ಕಟ್ಟಿತು.

ಹೋಗುವವರಿಗೆ ಎರಡು ಮಾತು. ಮಳೆಗೆ ಹೆದರಬೇಡಿ. ಡಬ್ಲಿನ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 30 ಇಂಚು. ಜೋರು ಮಳೆಯ ವರ್ಷ ಜುಲೈ ಒಂದೇ ತಿಂಗಳಲ್ಲಿ ಅಷ್ಟನ್ನು ಅಳೆದ ತೋಟದವರು ಇಲ್ಲೇ ಕುಳಿತಿದ್ದೀರಿ. ಅಲ್ಲಿಯದು ಜಿಟಿಜಿಟಿ, ಜೊತೆಗೆ ಗಾಳಿ. ಕೊಡೆಗಿಂತ ಕೋಟು ವಾಸಿ. ಜೈಲಿನ ಒಳಗೆ ಮಾರ್ಗದರ್ಶಕರ ಸಂಗಡವೇ ಹೋಗಬೇಕು, ಟಿಕೆಟ್ ಬೇಗ ಮುಗಿದುಹೋಗುವುದರಿಂದ ಮೊದಲೇ ಕಾದಿರಿಸಲು ಮಕ್ಕಳಿಗೆ ಹೇಳಿ. ಕಂಬಕ್ಕೆ ಟಿಕೆಟ್ಟಿಲ್ಲ. ಕಂಬದಿಂದ ಜೈಲಿಗೆ ಲಿಫಿ ನದಿ ದಾಟಿ ಅರ್ಧ ಗಂಟೆಯ ನಡಿಗೆ. ಕಂಬದ ಬುಡದಲ್ಲಿ ಒಂದು ಸುತ್ತು ಬಂದು ಭಾರತದ ಯುದ್ಧಗಳ ಫಲಕವನ್ನು ಹುಡುಕಿ. ಜೊತೆಗೆ ಮೊಮ್ಮಕ್ಕಳಿದ್ದರೆ ಐಗೂರಿನ ನಾಯಕನ ವಿಷಯವನ್ನು ಅಲ್ಲಿ ನಿಂತು ಹೇಳಿ. ಆ ಕಂಚಿನಲ್ಲಿ ಅವನ ಹೆಸರಿಲ್ಲ.